ಮೊದಲು ದುಡ್ಡು, ಆಮೇಲೆ ದಿನ, ಊರು ಕೊನೆಗೆ

ಈ ಸಲ ಪ್ರವಾಸ ಮುಗಿಸಿ ಮನೆಗೆ ಬಂದ ರಾತ್ರಿ, ಚೀಲ ಬಿಚ್ಚುವುದಕ್ಕೂ ಮುಂಚೆ ನೋಟ್‌ಬುಕ್ ತೆಗೆದು ಖರ್ಚು ಕೂಡಿಸಿದೆ. ನೂರು ಪಾಲು ಇಟ್ಟುಕೊಂಡು ಹೊರಟಿದ್ದೆವು, ಖರ್ಚಾಗಿದ್ದು ಸುಮಾರು 91. ನಂಬಿಕೆಯಾಗದೆ ಇನ್ನೊಮ್ಮೆ ಕೂಡಿಸಿದೆ, ಮನೆಯವರ ಕೈಲೂ ಕೂಡಿಸಿದೆ. ಅಷ್ಟೇ ಬಂತು. ಐದು ಜನ, ಏಳು ರಾತ್ರಿ, ಒಂದು ಪೈಸೆ ಸಾಲವಿಲ್ಲ. "ಮಕ್ಕಳು, ವಯಸ್ಸಾದವರನ್ನು ಕಟ್ಟಿಕೊಂಡು ಅಷ್ಟರಲ್ಲಿ ಸಾಧ್ಯವೇ ಇಲ್ಲ" ಅಂತ ನಾಲ್ಕು ವರ್ಷದಿಂದ ಹೇಳುತ್ತಿದ್ದ ಭಾವನವರಿಗೆ ಆ ರಾತ್ರಿಯೇ ಲೆಕ್ಕದ ಫೋಟೋ ಕಳಿಸಿದೆ.

ಲೆಕ್ಕವನ್ನೆಲ್ಲ ಪಾಲಿನಲ್ಲೇ ಹೇಳುತ್ತೇನೆ. ನಿಮ್ಮ ಹತ್ತಿರ ಎಷ್ಟಿದೆಯೋ ಅದನ್ನೇ ನೂರು ಅಂತ ಹಿಡಿಯಿರಿ. ಅಂಕಿಗಳು ನೆನಪಿನಿಂದ ಬರೆದವು, ಒಂದೆರಡು ಪಾಲು ಆಚೀಚೆ ಇದ್ದೀತು.

ಮೊದಲ ಪ್ರವಾಸ ನಾಲ್ಕು ವರ್ಷದ ಹಿಂದಿನದು. ಆಗ ಚಿಕ್ಕವಳಿಗೆ ಎರಡು ತುಂಬಲು ಇನ್ನೂ ಐದು ದಿನ ಬಾಕಿ. ಎರಡು ವರ್ಷದೊಳಗಿನ ಮಗುವನ್ನು ವಿಮಾನದಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳಬಹುದು, ಪೂರ್ತಿ ಟಿಕೆಟ್ ಬೇಡ, ಅದು ನಿಮಗೆಲ್ಲ ಗೊತ್ತಿರುವುದೇ. ನಾನು ನೋಡಿದ್ದು ಹೊರಡುವ ದಿನದ ವಯಸ್ಸು ಮಾತ್ರ. ಅವಳ ಹುಟ್ಟುಹಬ್ಬ ಪ್ರವಾಸದ ಮಧ್ಯದಲ್ಲೇ ಬಂತು. ವಾಪಸ್ ಬರುವ ದಿನ ಕೌಂಟರಿನವರು ಪಾಸ್‌ಪೋರ್ಟ್ ತಿರುವಿ, "ಇವತ್ತಿಗೆ ಇವಳಿಗೆ ಎರಡು ತುಂಬಿದೆ, ಸೀಟು ಬೇಕು" ಅಂದರು. ಹೊರಡುವ ಹೊತ್ತಿನ ದರದಲ್ಲಿ ಒಂದು ಸೀಟು ಕೊಂಡೆವು, ಒಂದೇ ಏಟಿಗೆ 14 ಪಾಲು ಹೋಯಿತು. ಅದರ ಮೇಲೆ, ರದ್ದು ಮಾಡಿದರೆ ದುಡ್ಡು ವಾಪಸ್ ಬರದ ಕೋಣೆ ಬೇರೆ ಹಿಡಿದಿದ್ದೆ. ದೊಡ್ಡವನಿಗೆ ಜ್ವರ ಬಂದು ಹೊರಡುವುದು ಎರಡು ದಿನ ತಡವಾದಾಗ ಆ ಎರಡು ರಾತ್ರಿಯ ಬಾಡಿಗೆಯೂ ನೀರಿಗೆ ಹಾಕಿದಂತಾಯಿತು. ಆ ವರ್ಷ ನೂರಕ್ಕೆ ಹೊರಟು 150 ಮುಟ್ಟಿದೆವು.

ಎರಡನೇ ವರ್ಷ ಜಾಣತನ ಮಾಡಲು ಹೋಗಿ ಊರಿನಿಂದ 14 ಕಿಲೋಮೀಟರ್ ಆಚೆ ಅಗ್ಗದ ಮನೆ ಹಿಡಿದೆ. ಬಾಡಿಗೆ ನಿಜಕ್ಕೂ ಕಡಿಮೆ, ಆರು ರಾತ್ರಿಗೆ 20 ಪಾಲಿನ ಒಳಗೆ. ಆದರೆ ಸಂಜೆ ಏಳರ ಮೇಲೆ ಆ ಕಡೆ ಬಸ್ಸಿಲ್ಲ. ಐದು ಜನ ಒಂದು ಟ್ಯಾಕ್ಸಿಯಲ್ಲಿ ಹಿಡಿಸುವುದಿಲ್ಲ, ಎರಡು ಬೇಕು. ಓಡಾಟಕ್ಕೇ 22 ಪಾಲು ಸುರಿದೆವು. ಮಧ್ಯಾಹ್ನ ಅತ್ತೆಗೆ ಸ್ವಲ್ಪ ಹೊತ್ತು ಮಲಗಬೇಕು ಅನಿಸಿದರೂ ಮನೆ ದೂರ, ಪಾರ್ಕಿನ ಬೆಂಚಿನ ಮೇಲೆ ಒರಗಿ ಕೂರುತ್ತಿದ್ದರು. ದುಡ್ಡಿಗಿಂತ ಅದು ಹೆಚ್ಚು ನೋವು ಕೊಟ್ಟಿತು. ಮೂರನೇ ವರ್ಷ ಎಂಟು ದಿನದಲ್ಲಿ ಐದು ಊರು. ಅದರ ಬಗ್ಗೆ ಬರೆಯಲು ಏನೂ ಇಲ್ಲ, ನೆನಪಿರುವುದು ಬರೀ ಪ್ಯಾಕಿಂಗ್. 130 ಆಯಿತು.

ಮೂರೂ ವರ್ಷದ ಚೀಟಿಗಳನ್ನು ಒಟ್ಟಿಗೆ ಹರಡಿ ಕೂತಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಪ್ರತಿ ಸಲವೂ ಊರಿನ ಹೆಸರು ಮೊದಲು ನಿಶ್ಚಯವಾಗಿತ್ತು. ಮಕ್ಕಳಿಗೆ ಹೇಳಿಯೂ ಆಗಿತ್ತು. ಆಮೇಲೆ ಎಷ್ಟೇ ದುಬಾರಿ ಕಂಡರೂ ಹಿಂದೆ ಸರಿಯುವ ಹಾಗಿರಲಿಲ್ಲ. ಹಾಗಾಗಿ ಕ್ರಮವನ್ನೇ ತಿರುಗಿಸಿದೆ: ಮೊದಲು ದುಡ್ಡು, ಆಮೇಲೆ ದಿನ, ಊರು ಕೊನೆಗೆ.

ದುಡ್ಡು ಅಂದರೆ ಪ್ರತಿ ತಿಂಗಳು ಬೇರೆ ಖಾತೆಗೆ ಹಾಕಿದ್ದು, ಅಷ್ಟೇ. ಅದರಾಚೆಗೆ ಕಾರ್ಡ್ ಉಜ್ಜುವ ಹಾಗಿಲ್ಲ. ನೂರನ್ನು ಹಂಚುವುದು ಹೀಗೆ: ಹೋಗಿ ಬರಲು 35, ಉಳಿಯಲು 30, ಊಟ ತಿಂಡಿಗೆ 15, ಸ್ಥಳೀಯ ಓಡಾಟಕ್ಕೆ 5, ಪ್ರವೇಶ ಟಿಕೆಟ್‌ಗೆ 5, ಆಪತ್ತಿಗೆ 10. ಆ ಹತ್ತನ್ನು ಮುಟ್ಟದೆ ಇರುವುದೇ ಕಷ್ಟದ ಕೆಲಸ.

ದಿನದ ವಿಷಯದಲ್ಲಿ, ಶಾಲೆಗೆ ರಜೆ ಸಿಕ್ಕ ಮೊದಲ ವಾರ ಎಲ್ಲರೂ ಹೊರಡುತ್ತಾರೆ. ನಾವು ರಜೆಯ ಕೊನೆಯ ಭಾಗಕ್ಕೆ ಸರಿದೆವು, ಹೊರಡುವುದೂ ಮರಳುವುದೂ ವಾರದ ನಡುವೆ. ಮನೆಯವರ ಆಫೀಸಿನಲ್ಲಿ ಹೆಚ್ಚುವರಿಯಾಗಿ ಎರಡು ರಜೆ ಕೇಳಬೇಕಾಯಿತು. ಅಷ್ಟಕ್ಕೇ ಪ್ರಯಾಣದ ಖರ್ಚು ಕಾಲು ಭಾಗ ಇಳಿಯಿತು.

ಈಗ ಊರು. ಎಲ್ಲರೂ ಒಪ್ಪುವ ಆರು ಊರುಗಳ ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ ಎರಡೇ ಸಂಖ್ಯೆ ಬರೆದೆ. ಒಂದು, ನಮ್ಮ ಮನೆ ಬಾಗಿಲಿನಿಂದ ಅಲ್ಲಿನ ಕೋಣೆ ಬಾಗಿಲಿನವರೆಗೆ ಐದು ಜನರ ಒಟ್ಟು ಖರ್ಚು. ಟಿಕೆಟ್ ದರ ಮಾತ್ರ ಅಲ್ಲ, ನಿಲ್ದಾಣಕ್ಕೆ ಹೋಗುವ ಟ್ಯಾಕ್ಸಿ, ಲಗೇಜ್ ಶುಲ್ಕ, ದಾರಿಯ ಊಟ ಎಲ್ಲ ಸೇರಿ. ಇನ್ನೊಂದು, ನಡೆದುಕೊಂಡೇ ಎಲ್ಲ ತಲುಪಬಹುದಾದ ಕಡೆ, ಅಡುಗೆಮನೆ ಇರುವ ಜಾಗದ ಒಂದು ರಾತ್ರಿಯ ಬಾಡಿಗೆ. ಬರೆಯುತ್ತಾ ಹೋದ ಹಾಗೆ ನಾಲ್ಕು ಊರು ತಾವಾಗಿಯೇ ಬಿದ್ದುಹೋದವು. ಟಿಕೆಟ್ ಎಲ್ಲಕ್ಕಿಂತ ಅಗ್ಗ ಇದ್ದ ಊರೇ ಮೊದಲು ಬಿತ್ತು, ಯಾಕೆಂದರೆ ವಿಮಾನ ಇಳಿಯುವುದು ಮಧ್ಯರಾತ್ರಿ, ಆ ಹೊತ್ತಿಗೆ ಎರಡು ಟ್ಯಾಕ್ಸಿ, ಬರೀ ನಾಲ್ಕು ಗಂಟೆ ನಿದ್ದೆಗೆ ಒಂದಿಡೀ ರಾತ್ರಿಯ ಬಾಡಿಗೆ. ಮಕ್ಕಳಿಗೆ ಊರು ಹೇಳಿದ್ದು ಟಿಕೆಟ್ ಕೈಗೆ ಬಂದ ಮೇಲೆ. ಹೋದ ವರ್ಷ ಇದೇ ಕ್ರಮದಲ್ಲಿ ಮಾಡಿದಾಗ 108ಕ್ಕೆ ಬಂದು ನಿಂತಿತ್ತು. ಆಗ ಕೈಕೊಟ್ಟಿದ್ದು ಟಿಕೆಟ್, ಐದೂ ಸೀಟು ಒಟ್ಟಿಗೆ ಕೊಂಡ ರೀತಿಯೇ ತಪ್ಪಿತ್ತು.

ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ಸಲವೂ ಐದು ಸೀಟು ಒಟ್ಟಿಗೆ ಹುಡುಕಿದರೆ ತಲಾ 6 ಪಾಲು ತೋರಿಸಿತು, ಒಟ್ಟು 30. ಸಂಖ್ಯೆಯನ್ನು ಒಂದಕ್ಕೆ ಇಳಿಸಿದೆ, 4 ಅಂತ ಬಂತು. ಎರಡು, 4. ಮೂರು, 4. ನಾಲ್ಕು ಅಂದ ಕೂಡಲೇ ತಲಾ 6. ಅಂದರೆ ಅಗ್ಗದ ದರದಲ್ಲಿ ಉಳಿದಿದ್ದು ಮೂರೇ ಸೀಟು. ಐದೂ ಒಟ್ಟಿಗೆ ಕೇಳಿದಾಗ, ಐದು ಸೀಟು ಸಿಗುವ ಮೇಲಿನ ದರವನ್ನೇ ಎಲ್ಲರಿಗೂ ಹಾಕುತ್ತದೆ. ಮೂರು ಮತ್ತು ಎರಡು ಅಂತ ಬೇರೆ ಬೇರೆಯಾಗಿ ಕೊಂಡೆ: 12 ಮತ್ತು 12, ಒಟ್ಟು 24. ಐದು ನಿಮಿಷದ ಕೆಲಸಕ್ಕೆ ಆರು ಪಾಲು ಉಳಿತಾಯ. ಎಚ್ಚರವಾಗಿರಬೇಕಾದ ಜಾಗ ಒಂದೇ. ಬುಕಿಂಗ್ ಎರಡಾದರೆ ವಿಮಾನ ರದ್ದಾದಾಗ ಎರಡು ಗುಂಪನ್ನು ಬೇರೆ ಬೇರೆ ವಿಮಾನಕ್ಕೆ ಹಾಕಬಹುದು. ಆದ್ದರಿಂದ ಪ್ರತಿ ಬುಕಿಂಗಿನಲ್ಲೂ ಮಗುವಿನ ಜೊತೆ ಅಪ್ಪನೋ ಅಮ್ಮನೋ ಇರಲೇಬೇಕು.

ಇದೇ ಹೊತ್ತಿನಲ್ಲಿ ಇನ್ನೊಂದು ಪರೀಕ್ಷೆಯನ್ನೂ ಮಾಡಿದೆ. ಪದೇ ಪದೇ ಹುಡುಕಿದರೆ ದರ ಏರಿಸುತ್ತಾರೆ, ಹಳೆಯ ಹುಡುಕಾಟ ನೆನಪಿಟ್ಟುಕೊಳ್ಳದ ಬ್ರೌಸರಿನ ಗುಪ್ತ ವಿಂಡೋದಲ್ಲಿ ನೋಡಬೇಕು ಅಂತ ಎಲ್ಲರೂ ಹೇಳುತ್ತಾರಲ್ಲ. ಎರಡು ಫೋನು, ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡು ಸುಮಾರು ಎರಡು ವಾರ ದಿನಾ ರಾತ್ರಿ ಒಂದೇ ಹೊತ್ತಿಗೆ ನೋಡಿದೆ. ಮೂರರಲ್ಲೂ ಒಂದೇ ದರ, ಏರಿದರೆ ಮೂರರಲ್ಲೂ ಏರಿತು. ನಾನು ಅದನ್ನು ಅಲ್ಲಿಗೇ ಬಿಟ್ಟೆ.

ಕೋಣೆಯ ವಿಷಯದಲ್ಲಿ ನನಗೆ ನಿಜಕ್ಕೂ ಹೆಮ್ಮೆ ಇದೆ. ಉಚಿತವಾಗಿ ರದ್ದು ಮಾಡಬಹುದಾದ ಜಾಗವನ್ನೇ ಮೂರೂವರೆ ತಿಂಗಳು ಮುಂಚೆ ಹಿಡಿದೆ. ನಂತರ ಪ್ರತಿ ಭಾನುವಾರ ರಾತ್ರಿ ಅದೇ ಕೋಣೆ, ಅದೇ ದಿನಗಳ ದರ ನೋಡುವುದು. ಎರಡು ಸಲ ಇಳಿಯಿತು, ಎರಡನೆಯದು ಹೊರಡಲು ಮೂರು ವಾರವೂ ಇಲ್ಲದಾಗ. ಇಳಿದಾಗಲೆಲ್ಲ ಹೊಸ ದರಕ್ಕೆ ಮೊದಲು ಬುಕ್ ಮಾಡಿ, ಖಾತ್ರಿಯಾದ ಮೇಲೆ ಹಳೆಯದನ್ನು ರದ್ದು ಮಾಡಿದೆ. ಈ ಕ್ರಮ ಹಿಂದುಮುಂದಾದರೆ ಕೈಯಲ್ಲಿದ್ದ ಕೋಣೆಯೂ ಹೋದೀತು. ರದ್ದು ಮಾಡುವ ಕೊನೆಯ ಗಡುವನ್ನು ಸಾಮಾನ್ಯವಾಗಿ ಆ ಊರಿನ ಗಡಿಯಾರದ ಪ್ರಕಾರ ಲೆಕ್ಕ ಹಾಕುತ್ತಾರೆ, ನಮ್ಮದರ ಪ್ರಕಾರ ಅಲ್ಲ. ಹೀಗೆ ಐದು ಪಾಲು ಉಳಿಯಿತು. ಇನ್ನೆರಡು ಪಾಲು ಉಳಿದಿದ್ದು ಆ ಜಾಗದವರಿಗೆ ನೇರವಾಗಿ ಫೋನ್ ಮಾಡಿ ಕೇಳಿದ ಒಂದು ಪ್ರಶ್ನೆಯಿಂದ. ಆ ಪ್ರಶ್ನೆಯನ್ನು ಇಲ್ಲಿ ಬರೆಯುವುದಿಲ್ಲ, ಎಲ್ಲರೂ ಕೇಳಲು ಶುರು ಮಾಡಿದರೆ ಅದು ಕೆಲಸ ಮಾಡುವುದಿಲ್ಲ.

ಅಂದ ಹಾಗೆ, ನಾವು ಉಳಿದಿದ್ದು ಯೂತ್ ಹಾಸ್ಟೆಲ್‌ನ ಕುಟುಂಬ ಕೋಣೆಯಲ್ಲಿ. "ಅದು ಹುಡುಗರು ಬಿದ್ದುಕೊಳ್ಳುವ ಜಾಗ" ಅಂತ ಭಾವ ಮೂಗು ಮುರಿದಿದ್ದರು. 1912ರಲ್ಲಿ ಜರ್ಮನಿಯ ಅಲ್ಟೆನಾ ಕೋಟೆಯಲ್ಲಿ ರಿಚರ್ಡ್ ಶಿರ್‌ಮನ್ ಅನ್ನುವ ಶಾಲಾ ಮೇಷ್ಟ್ರು ಮೊದಲ ಕಾಯಂ ಯೂತ್ ಹಾಸ್ಟೆಲ್ ತೆರೆದಾಗ ಅದು ಯುವಜನರಿಗಾಗಿಯೇ ಇತ್ತು, ನಿಜ. ಈಗ ಅನೇಕ ಕಡೆ ವಯಸ್ಸಿನ ಮಿತಿ ಇಲ್ಲ, ಬಾಗಿಲು ಹಾಕಿಕೊಳ್ಳಬಹುದಾದ ನಾಲ್ಕೈದು ಹಾಸಿಗೆಯ ಕೋಣೆ ಸಿಗುತ್ತದೆ, ಅಡುಗೆಮನೆ ಇರುತ್ತದೆ, ಬಟ್ಟೆ ಒಗೆಯುವ ಯಂತ್ರವೂ ಇರುತ್ತದೆ. ಅತ್ತೆಗೆ ಕೆಳಗಿನ ಹಾಸಿಗೆ ಬೇಕೆಂದು ಮೊದಲೇ ಬರೆಸಿದ್ದೆ. ಒಗೆಯುವ ಯಂತ್ರ ಇದ್ದುದರಿಂದ ತಲಾ ಮೂರು ಜೊತೆ ಬಟ್ಟೆ ಸಾಕಾಯಿತು, ಲಗೇಜ್ ಶುಲ್ಕ ಪೂರ್ತಿ ತಪ್ಪಿತು. ಬೆಳಗಿನ ತಿಂಡಿ ಕೋಣೆಯಲ್ಲೇ ಮಾಡಿ, ಮಧ್ಯಾಹ್ನದ ಬುತ್ತಿ ಕಟ್ಟಿಕೊಂಡು, ರಾತ್ರಿ ಊಟ ಮಾತ್ರ ಹೊರಗೆ. ಹೊರಗೆ ತಿಂದಾಗ ಯಾರಿಗೂ ಬೆಲೆ ನೋಡಿ ತಿನ್ನು ಅಂತ ಹೇಳಲಿಲ್ಲ. ಊಟಕ್ಕೆ 15 ಇಟ್ಟಿದ್ದು 16 ಆಯಿತು, ಆ ಒಂದು ಪಾಲಿನ ಬಗ್ಗೆ ನನಗೆ ಬೇಸರ ಇಲ್ಲ.

ಪ್ರವೇಶ ಟಿಕೆಟ್‌ಗೆ ಬರೀ 3 ಆಯಿತು. ದೊಡ್ಡ ಸಂಗ್ರಹಾಲಯ ಅಂದರೆ ದುಬಾರಿ ಅಂತ ನಾವೇ ಅಂದುಕೊಂಡಿರುತ್ತೇವೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಶಾಶ್ವತ ಸಂಗ್ರಹ ನೋಡಲು ದುಡ್ಡಿಲ್ಲ, ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹಾಲಯಗಳಿಗೂ ಇಲ್ಲ, ಪ್ಯಾರಿಸ್ಸಿನ ಲೂವ್ರ್‌ನಲ್ಲಿ 18 ವರ್ಷದೊಳಗಿನವರಿಗೆ ಉಚಿತ. ಯಾವ ಊರಿಗೆ ಹೋದರೂ ಇಂಥದ್ದೊಂದು ಇದೆಯೇ ಅಂತ ಮೊದಲು ಹುಡುಕುವುದು ನನ್ನ ಅಭ್ಯಾಸ. ಆದರೆ ತಿಂಗಳಿಗೊಮ್ಮೆ ಬರುವ ಉಚಿತ ದಿನದ ಆಸೆ ನನಗೆ ಹೋಗಿದೆ. ಎರಡು ವರ್ಷದ ಹಿಂದೆ ಅಂಥ ಒಂದು ದಿನ ಮೂರು ಗಂಟೆ ಸಾಲಿನಲ್ಲಿ ನಿಂತು, ಒಳಗೆ ಹೋಗುವಷ್ಟರಲ್ಲಿ ಚಿಕ್ಕವಳು ಹೆಗಲ ಮೇಲೆ ನಿದ್ದೆ ಹೋಗಿದ್ದಳು.

ಹೊರದೇಶದಲ್ಲಿ ಕಾರ್ಡ್ ಬಳಸುವವರಿಗೆ ಒಂದು ಮಾತು. ಯಂತ್ರದ ಪರದೆಯ ಮೇಲೆ ಎರಡು ಮೊತ್ತ ಬರುತ್ತದೆ, ಒಂದು ಆ ದೇಶದ ಹಣದಲ್ಲಿ, ಇನ್ನೊಂದು ನಿಮ್ಮ ದೇಶದ ಹಣದಲ್ಲಿ. ನಮ್ಮ ಹಣದ ಗುಂಡಿ ಒತ್ತಿದರೆ ವಿನಿಮಯ ದರ ಅಂಗಡಿಯ ಕಡೆಯವರದು, ಸಾಮಾನ್ಯವಾಗಿ ಅದೇ ನಷ್ಟ. ಮನೆಯವರು ಗೊತ್ತಿಲ್ಲದೆ ಎರಡು ವರ್ಷ ಅದನ್ನೇ ಒತ್ತಿದ್ದರು.

ದೊಡ್ಡವನಿಗೆ ಈಗ 12. ಒಂದು ದಿನದ ಪೂರ್ತಿ ದುಡ್ಡು ಅವನ ಕೈಗೆ ಕೊಟ್ಟು, "ಇವತ್ತು ಐದೂ ಜನರನ್ನು ನೀನೇ ನೋಡಿಕೋ" ಅಂದೆ. ಬೆಳಿಗ್ಗೆಯೇ ಬಸ್ಸಿನ ದಿನದ ಪಾಸ್ ಮತ್ತು ಬಿಡಿ ಟಿಕೆಟ್ ಎರಡರ ದರವನ್ನೂ ಹೋಲಿಸಿ, ನಾವು ಹತ್ತುವುದು ಎರಡೇ ಸಲ, ಬಿಡಿ ಟಿಕೆಟ್ಟೇ ಅಗ್ಗ ಅಂದ. ನಾನು ಮೂರು ದಿನದಿಂದ ಪಾಸ್ ಕೊಳ್ಳುತ್ತಿದ್ದೆ. ಸಂಜೆ ಉಳಿದ ಚಿಲ್ಲರೆಯಲ್ಲಿ ಅಜ್ಜಿಗೆ ಒಂದು ಬಣ್ಣದ ಕೊಡೆ ಕೊಂಡ.

ಆಪತ್ತಿನ ಹತ್ತರಲ್ಲಿ ಐದು ಪಾಲು ಖರ್ಚಾಯಿತು: ಔಷಧಿ, ಕಿತ್ತುಹೋದ ಚೀಲದ ಬದಲು ಹೊಸದು, ಮಳೆಯಲ್ಲಿ ಒಂದು ಟ್ಯಾಕ್ಸಿ. ಎಲ್ಲ ಸೇರಿ ನೂರರಲ್ಲಿ ಉಳಿದ ಒಂಬತ್ತು ಪಾಲು ಮುಂದಿನ ವರ್ಷದ ಖಾತೆಗೆ ಹೋಗಿದೆ.

ಹೋದ ವಾರ ಭಾವ ಮನೆಗೆ ಬಂದು ನೋಟ್‌ಬುಕ್ ಕೇಳಿದರು. ಕೊನೆಯ ಪುಟ ಬಿಟ್ಟು ಉಳಿದದ್ದೆಲ್ಲ ತೋರಿಸಿದೆ. ಅವರದು ಏಳು ಜನ. ಅಲ್ಲೇ ಕೂತು ಒಂದು ಹಾಳೆಯ ಮೇಲೆ ಗೆರೆ ಎಳೆದು, ಎಲ್ಲಕ್ಕಿಂತ ಮೇಲೆ ಪೆನ್ಸಿಲ್‌ನಲ್ಲಿ ಒಂದು ಊರಿನ ಹೆಸರು ಬರೆದರು. ರಬ್ಬರ್ ತಂದು ನಾನೇ ಅಳಿಸಿದೆ.