ಲಾರಿ ಆಯಿಲ್ ದಿಢೀರನೆ ಸೋರಿದರೆ: ತೊಟ್ಟಿಕ್ಕುವ ಜಾಗ ಬಿಡಿ, ಅದರ ಮೇಲೆ ನೋಡಿ

ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುತ್ತಿದ್ದೀರಿ. ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ಕ್ಯಾನ್ ಚಿತ್ರದ ಕೆಂಪು ದೀಪ ಹತ್ತಿತು. ‘ಗುಂಡ್ಯದವರೆಗೆ ಹೋಗಿಬಿಡೋಣ, ಅಲ್ಲಿ ನೋಡಿದರಾಯ್ತು’ ಎಂದು ಮನಸ್ಸು ಹೇಳುತ್ತದೆ. ದಯವಿಟ್ಟು ಆ ಮಾತು ಕೇಳಬೇಡಿ. ಸೋರಿಕೆಗೆ ಕಾರಣ ಬಹಳ ಸಲ ಒಂದು ತಾಮ್ರದ ವಾಶರ್, ಒಂದು ರಬ್ಬರ್ ರಿಂಗ್, ಇಲ್ಲವೇ ಎರಡು ಭಾಗಗಳ ನಡುವೆ ಕೂರುವ ಒಂದು ಪ್ಯಾಕಿಂಗ್ ಅಷ್ಟೇ. ಆದರೆ ಆ ದೀಪ ಹತ್ತಿತೆಂದರೆ ಆಯಿಲ್ ಪ್ರೆಶರ್ ಬಿದ್ದಿದೆ ಎಂದರ್ಥ; ಪ್ರೆಶರ್ ಇಲ್ಲದೆ ಓಡಿಸಿದ ಆ ಕೆಲವೇ ನಿಮಿಷಗಳಲ್ಲಿ ಬೇರಿಂಗ್ ತಿಂದುಹೋಗಿ, ಕ್ರ್ಯಾಂಕ್ ಗೀರಿ, ಇಂಜಿನ್ನಿಗೆ ಗಾಳಿ ತಳ್ಳುವ ಟರ್ಬೊ ಕೂಡ ಹಿಡಿದುಕೊಳ್ಳುತ್ತದೆ. ಚಿಲ್ಲರೆ ಕಾಸಿನ ಕೆಲಸ ಲಕ್ಷಕ್ಕೆ ಹೋಗುವುದು ಹೀಗೆ.

ಮೊದಲು ನಿಲ್ಲಿಸಿ

ಹಾಗೆಂದು ಇಳಿಜಾರಿನಲ್ಲಿ ಗಾಡಿ ಓಡುತ್ತಿರುವಾಗಲೇ ಇಂಜಿನ್ ಆಫ್ ಮಾಡಬೇಡಿ. ಸ್ಟೀರಿಂಗ್ ಕಲ್ಲಿನಂತಾಗುತ್ತದೆ, ಬ್ರೇಕಿಗೆ ಗಾಳಿ ತುಂಬುವುದೂ ನಿಲ್ಲುತ್ತದೆ. ಸಿಕ್ಕ ಮೊದಲ ಅಗಲ ಜಾಗದಲ್ಲಿ ಎಡಕ್ಕೆ ತೆಗೆದು, ಪಾರ್ಕಿಂಗ್ ಬ್ರೇಕ್ ಹಾಕಿ, ಆಮೇಲೆ ಬಂದ್ ಮಾಡಿ. ಚಕ್ರಗಳಿಗೆ ಕಲ್ಲು ಒಡ್ಡಿ, ಹಿಂದೆ ತ್ರಿಕೋನ ಇಡಿ. ಅದಿಲ್ಲದಿದ್ದರೆ ಸೊಪ್ಪಿನ ಕೊಂಬೆಯಾದರೂ ಇರಲಿ. ಹೊರಡುವಾಗ ಆ ಕಲ್ಲುಗಳನ್ನು ರಸ್ತೆಯಲ್ಲೇ ಬಿಟ್ಟು ಹೋಗಬೇಡಿ. ರಸ್ತೆಗೆ ಸುರಿದ ಆಯಿಲ್ ಮೇಲೆ ಕೂಡಲೇ ಮಣ್ಣು ಎರಚಿ; ಘಾಟಿಯ ತಿರುವಿನಲ್ಲಿ ಬೈಕಿನವರಿಗೆ ಅದು ಪ್ರಾಣದ ಪ್ರಶ್ನೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ಸಹಾಯಕ್ಕೆ 1033 ಇದೆ.

ಟರ್ಬೊ ಅಥವಾ ಸೈಲೆನ್ಸರ್ ಪೈಪಿನ ಮೇಲೆ ಆಯಿಲ್ ಬಿದ್ದು ಹೊಗೆ ಏಳುತ್ತಿದ್ದರೆ ಬೆಂಕಿ ಹತ್ತಬಹುದು. ಬೆಂಕಿ ಆರಿಸುವ ಸಿಲಿಂಡರ್ ಕೈಯಲ್ಲಿರಲಿ, ತಣ್ಣಗಾಗುವವರೆಗೆ ಹತ್ತಿರ ಹೋಗಬೇಡಿ.

ಸೋರಿದ್ದು ಯಾವ ಎಣ್ಣೆ?

ಬಿಳಿ ಕಾಗದದ ಚೂರಿಗೆ ಒಂದು ಹನಿ ಹಿಡಿಯಿರಿ. ಕಪ್ಪಗೆ ಮಸಿಯಂತಿದ್ದರೆ ಇಂಜಿನ್ ಆಯಿಲ್. ದಪ್ಪಗಿದ್ದು ಗಂಧಕದ ಗಬ್ಬು ವಾಸನೆ ಬಂದರೆ ಗೇರ್ ಆಯಿಲ್. ತೆಳ್ಳಗೆ, ಕೆಂಪಗಿದ್ದರೆ ಹೆಚ್ಚಾಗಿ ಪವರ್ ಸ್ಟೀರಿಂಗಿನದು. ಡೀಸೆಲ್ಲನ್ನು ಮೂಗೇ ಹೇಳುತ್ತದೆ.

ಸುಮಾರು ಹತ್ತು ನಿಮಿಷ ಬಿಟ್ಟು ಆಯಿಲ್ ಕಡ್ಡಿ ಎಳೆದು ನೋಡಿ. ಗಾಡಿ ಸಮತಟ್ಟಾದ ಜಾಗದಲ್ಲಿ ನಿಂತಿರಬೇಕು; ಇಳಿಜಾರಿನಲ್ಲಿ ಕಡ್ಡಿ ಸುಳ್ಳು ಹೇಳುತ್ತದೆ. ಕೆಳಗಿನ ಗುರುತಿಗಿಂತ ಕಡಿಮೆ ಇದ್ದರೆ ಆಯಿಲ್ ತುಂಬದೆ ಸ್ಟಾರ್ಟ್ ಮಾಡುವ ಮಾತೇ ಇಲ್ಲ. ಕಡ್ಡಿಯಲ್ಲಿ ಮಟ್ಟ ಏರಿದ್ದರೆ ಡೀಸೆಲ್ಲೋ ನೀರೋ ಒಳಗೆ ಸೇರುತ್ತಿದೆ ಎಂದರ್ಥ. ಆಗ ಗಾಡಿ ಟೋ ಆಗಿಯೇ ಹೋಗಬೇಕು.

ಪ್ರೆಶರಿನ ಕಡೆಯೋ, ಚೇಂಬರಿನ ಕಡೆಯೋ

ಹೊಸಬರು ತಪ್ಪುವುದು ಇಲ್ಲೇ. ಆಯಿಲ್ ಕೆಳಗಿಳಿಯುತ್ತದೆ, ಫ್ಯಾನಿನ ಗಾಳಿಗೆ ಹಿಂದಕ್ಕೂ ಹರಡುತ್ತದೆ. ಆದ್ದರಿಂದ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ಮುಂದಿನ ಜಾಗ ಹುಡುಕಬೇಕು.

ಇಂಜಿನ್ ಬಂದ್ ಮಾಡಿದ ಕೂಡಲೇ ಸೋರುವುದು ನಿಂತರೆ ಅದು ಬಹುತೇಕ ಪ್ರೆಶರಿನ ಕಡೆಯದು: ಫಿಲ್ಟರ್, ಪ್ರೆಶರ್ ಸ್ವಿಚ್, ಟರ್ಬೊಗೆ ಹೋಗುವ ಪೈಪ್, ಏರ್ ಕಂಪ್ರೆಸರಿನ ಆಯಿಲ್ ಪೈಪ್, ಆಯಿಲ್ ಕೂಲರ್. ಬಂದ್ ಮಾಡಿದ ಮೇಲೂ ಸುರಿಯುತ್ತಲೇ ಇದ್ದರೆ ಚೇಂಬರ್ (ಇಂಜಿನ್ ತಳದ ಆಯಿಲ್ ತೊಟ್ಟಿ), ಅದರ ಪ್ಯಾಕಿಂಗ್, ಆಯಿಲ್ ಇಳಿಸುವ ಡ್ರೈನ್ ನಟ್ ನೋಡಿ.

ಇಷ್ಟರಲ್ಲೂ ಗೊತ್ತಾಗದಿದ್ದರೆ ಇಂಜಿನ್ ತಣ್ಣಗಾದ ಮೇಲೆ ಪೂರ್ತಿ ತೊಳೆದು, ಬಟ್ಟೆಯಲ್ಲಿ ಒರೆಸಿ ಒಣಗಿಸಿ, ಅನುಮಾನದ ಜಾಗಕ್ಕೆ ಮುಖದ ಪೌಡರ್ ಉದುರಿಸಿ. ಆಯಿಲ್ ಮಟ್ಟ ಸರಿಮಾಡಿ, ಕೆಳಗೆ ರಟ್ಟು ಹಾಸಿ ಸ್ಟಾರ್ಟ್ ಮಾಡಿ. ಬಿಳಿ ಪೌಡರಿನಲ್ಲಿ ಕಪ್ಪು ಗೆರೆ ಎಲ್ಲಿಂದ ಇಳಿಯುತ್ತದೋ ಅದರ ತುದಿಯೇ ಸೋರುವ ಜಾಗ. ತಿರುಗುವ ಬೆಲ್ಟು, ಫ್ಯಾನಿನ ಹತ್ತಿರ ಕೈ ಬೇಡ. ಪ್ರೆಶರ್ ಏರದಿದ್ದರೆ ಆ ಕ್ಷಣವೇ ಬಂದ್ ಮಾಡಿ.

ರಿಪೇರಿ

ಆಯಿಲ್ ಬದಲಿಸಿದ ದಿನವೋ ಮರುದಿನವೋ ದಿಢೀರನೆ ಸುರಿದರೆ ಮೊದಲ ಅನುಮಾನ ಫಿಲ್ಟರ್ ಮೇಲೆ. ಹಳೆಯ ಫಿಲ್ಟರಿನ ರಬ್ಬರ್ ರಿಂಗ್ ಇಂಜಿನ್ ಮುಖಕ್ಕೆ ಅಂಟಿಕೊಂಡೇ ಉಳಿದಿರುತ್ತದೆ. ಅದನ್ನು ನೋಡದೆ ಹೊಸದನ್ನು ಏರಿಸಿದರೆ ಎರಡು ರಿಂಗ್ ಒಂದರ ಮೇಲೊಂದು ಕೂರುತ್ತವೆ; ಪ್ರೆಶರ್ ಏರಿದಾಗ ಒಂದು ಹೊರಕ್ಕೆ ಜಾರುತ್ತದೆ. ನಾನು ಬಿಚ್ಚಿದ ಒಂದರಲ್ಲಿ ಹಳೆಯ ರಿಂಗ್ ಎಮ್ಮೆ ನಾಲಿಗೆಯಂತೆ ಪಕ್ಕಕ್ಕೆ ಚಾಚಿಕೊಂಡಿತ್ತು. ಮುಖ ಒರೆಸಿ, ಹೊಸ ರಿಂಗಿಗೆ ಆಯಿಲ್ ಸವರಿ, ರಿಂಗ್ ತಾಗಿದ ಮೇಲೆ ಕೈಯಿಂದಲೇ ಮುಕ್ಕಾಲು ಸುತ್ತು ಬಿಗಿಮಾಡಿ. ಫಿಲ್ಟರ್ ಮೇಲೆ ಬೇರೆ ಅಳತೆ ಬರೆದಿದ್ದರೆ ಅದನ್ನೇ ಪಾಲಿಸಿ.

ಡ್ರೈನ್ ನಟ್ ಜಿನುಗಿದರೆ ಇನ್ನಷ್ಟು ಬಿಗಿ ಮಾಡಬೇಡಿ, ಥ್ರೆಡ್ ಹೋಗುತ್ತದೆ. ಬದಲಿಸಬೇಕಾದ್ದು ತಾಮ್ರದ ವಾಶರ್. ಹೊಸದು ಸಿಗದಿದ್ದರೆ ಹಳೆಯದನ್ನೇ ಇಕ್ಕಳದಲ್ಲಿ ಹಿಡಿದು ಕೆಂಪಗಾಗುವಷ್ಟು ಕಾಯಿಸಿ, ನೀರಿಗೆ ಅದ್ದಿ. ತಾಮ್ರ ಮೆತ್ತಗಾಗಿ ಮತ್ತೆ ಸರಿಯಾಗಿ ಕೂರುತ್ತದೆ. ಕಮ್ಮಾರನ ಕುಲುಮೆಯಷ್ಟೇ ಹಳೆಯ ಉಪಾಯ, ಇವತ್ತಿಗೂ ಕೈಕೊಟ್ಟಿಲ್ಲ.

ಚೇಂಬರಿಗೆ ಕಲ್ಲು ಬಡಿದು ಬಿರುಕು ಬಿಟ್ಟಿದ್ದರೆ ಅಲ್ಲಿ ಪ್ರೆಶರ್ ಇರುವುದಿಲ್ಲ. ಆಯಿಲ್ ಇಳಿಸಿ, ಜಾಗವನ್ನು ಉಜ್ಜಿ ಒಣಗಿಸಿ, ಎಂ-ಸೀಲ್ ಮೆತ್ತಿ, ಗಟ್ಟಿಯಾದ ಮೇಲೆ ಆಯಿಲ್ ತುಂಬಿ ನಿಧಾನಕ್ಕೆ ಗ್ಯಾರೇಜ್ ಸೇರಬಹುದು. ಇದೇ ಉಪಾಯವನ್ನು ಟರ್ಬೊ ಪೈಪಿಗೆ ಮಾಡಲೇಬೇಡಿ. ಅಲ್ಲಿನ ಪ್ರೆಶರಿಗೆ, ಬಿಸಿಗೆ ಟ್ಯೂಬ್ ಸುತ್ತಿದ್ದೂ ನಿಲ್ಲದು, ಎಂ-ಸೀಲೂ ನಿಲ್ಲದು. ಕಳಚಿದರೆ ಕೆಂಪಗೆ ಕಾದ ಕಬ್ಬಿಣದ ಮೇಲೆಯೇ ಆಯಿಲ್ ಚಿಮ್ಮುತ್ತದೆ. ಪೈಪ್ ಹೊಸದೇ ಹಾಕಬೇಕು.

ಇಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವಲ್ಲಿ ತೊಟ್ಟಿಕ್ಕಿದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ಕ್ರ್ಯಾಂಕಿನ ಹಿಂದಿನ ಸೀಲ್ ಹೋಗಿದೆ. ಒಮ್ಮೆ ಹುಡುಗನೊಬ್ಬ ಹಾಸನದಿಂದ ಫೋನ್ ಮಾಡಿ, “ಅಣ್ಣಾ, ಗೇರ್‌ಬಾಕ್ಸ್ ಇಳಿಸಲೇಬೇಕಂತೆ, ಮೂರು ದಿನ ಆಗುತ್ತಂತೆ” ಎಂದ. ಧ್ವನಿ ನಡುಗುತ್ತಿತ್ತು, ಕಂತು ಕಟ್ಟುವ ವಾರ ಅದು. ಕ್ಯಾಬಿನ್ ಎತ್ತಿಸಿ, ಇಂಜಿನ್ ತಲೆಯ ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರಿನ ಹಿಂಬದಿಗೆ ಬೆರಳು ಹಾಕಿ ನೋಡು ಎಂದೆ. ಬೆರಳು ಕಪ್ಪಾಗಿ ಬಂತು. ಕವರಿನ ಪ್ಯಾಕಿಂಗ್ ಸೀಳಿ, ಆಯಿಲ್ ಇಂಜಿನ್ನಿನ ಬೆನ್ನ ಮೇಲೆ ಇಳಿದು ಅದೇ ಜಾಗದಲ್ಲಿ ತೊಟ್ಟಿಕ್ಕುತ್ತಿತ್ತು. ಸಂಜೆಯೊಳಗೆ ಗಾಡಿ ಹೊರಟಿತು. ಗೇರ್‌ಬಾಕ್ಸ್ ಇಳಿಸಲು ಒಪ್ಪುವ ಮುಂಚೆ ಇದೊಂದನ್ನು ನೀವೇ ನಿಂತು ನೋಡಿ.

ಸೀಲೇ ಹೋಗಿದ್ದರೂ ಬ್ರೀದರ್ ಪೈಪ್ ಪರೀಕ್ಷಿಸದೆ ಹೊಸದು ಹಾಕಬೇಡಿ. ಅದು ಕಟ್ಟಿಕೊಂಡರೆ ಒಳಗಿನ ಗಾಳಿ ಹೋಗಲು ದಾರಿಯಿಲ್ಲದೆ ಸೀಲನ್ನೇ ದೂಡುತ್ತದೆ. ಗಾಡಿ ನಿಂತಿದ್ದು ಇಂಜಿನ್ ಸ್ಲೋ ಆಗಿ ಓಡುತ್ತಿರುವಾಗ ಆಯಿಲ್ ಮುಚ್ಚಳ ಸಡಿಲಿಸಿ ಹಾಗೇ ಮೇಲಿಡಿ. ಒಳಗಿನ ಗಾಳಿ ಅದನ್ನು ಎತ್ತಿ ಎತ್ತಿ ಹಾಕುತ್ತಿದ್ದರೆ ಬ್ರೀದರ್ ಕಟ್ಟಿದೆ, ಇಲ್ಲವೇ ಪಿಸ್ಟನ್ ರಿಂಗ್ ಸವೆದಿವೆ.

ಪ್ಯಾಕಿಂಗಿಗೆ ಸಿಲಿಕಾನ್ ಅಂಟು ತೆಳ್ಳಗೆ ಹಚ್ಚಿ. ಜಾಸ್ತಿಯಾದದ್ದು ಒಳಗೆ ಬಿದ್ದು ಪಂಪಿನ ಜಾಲರಿ ಕಟ್ಟುತ್ತದೆ. ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಡಿ, ಅವಸರ ಬೇಡ.

ಇಳಿಸಿದ ಹಳೆಯ ಆಯಿಲ್ ಚರಂಡಿಗೆ ಹೋಗಬಾರದು. ಕ್ಯಾನಿಗೆ ತುಂಬಿ, ಹಳೆ ಆಯಿಲ್ ಕೊಳ್ಳಲು ಪರವಾನಗಿ ಇರುವವರಿಗೆ ಕೊಡಿ. ರಿಪೇರಿ ಆದ ಮೇಲೆ ಖಾಲಿ ಗಾಡಿಯನ್ನು ಹತ್ತು ಕಿಲೋಮೀಟರ್ ಓಡಿಸಿ, ಬಿಸಿಯಲ್ಲೇ ಒಮ್ಮೆ ಟಾರ್ಚ್ ಹಾಕಿ ನೋಡಿ. ರಾತ್ರಿ ಇಂಜಿನ್ ಕೆಳಗೆ ಹೊಸ ರಟ್ಟು ಹಾಸಿಡಿ. ಬೆಳಿಗ್ಗೆ ರಟ್ಟು ಒಣಗಿದ್ದು, ಕಡ್ಡಿಯಲ್ಲಿ ಮಟ್ಟ ಇಳಿಯದಿದ್ದರೆ ಲೋಡಿಗೆ ಹೋಗಿ.