ಕಡಲಪಾಚಿಯ ಪಟ್ಟಿ ದುಬಾರಿ ಅಂದವರಿಗೆ ನನ್ನ ಲೆಕ್ಕ

ಶುಗರ್ ಇರುವವರ ಕಾಲಿನ ಗಾಯಕ್ಕೆ ಆಲ್ಜಿನೇಟ್ ಪಟ್ಟಿ, ಅಂದರೆ ಕಡಲಪಾಚಿಯ ನಾರಿನಿಂದ ಮಾಡಿದ, ರಸಿಗೆ ಹೀರಿ ಲೋಳೆಯಾಗಿ ಗಾಯವನ್ನು ತೇವವಾಗಿಡುವ ಹಾಳೆ, ಇಡುತ್ತೇನೆ ಅಂದಾಗ ನಮ್ಮ ಕಡೆ ಯಾರೂ ಒಪ್ಪಲಿಲ್ಲ. ಒದ್ದೆ ಇಟ್ಟರೆ ಗಾಯ ಕೊಳೆಯುತ್ತೆ ಅನ್ನೋದು ಒಬ್ಬರ ಮಾತು. ಅಂಗೈಯಗಲದ ಹಾಳೆಗೆ 250-300 ರೂಪಾಯಿ, ಬಡವರ ಕೈಲಿ ಆಗುತ್ತಾ ಅನ್ನೋದು ಇನ್ನೊಬ್ಬರದು. ಈಗ ತೀರ್ಥಹಳ್ಳಿ ಸುತ್ತ ನರ್ಸ್ ಆಗಿ ನಾನು ಮನೆಗೆ ಹೋಗಿ ಕಟ್ಟಿದ ಗಾಯಗಳು ತುಂಬಿ ಬಂದಿವೆ. ಹೆಬ್ಬೆರಳು ತೆಗೆಯಬೇಕಾಗಬಹುದು ಅಂತ ಹೇಳಿಸಿಕೊಂಡಿದ್ದ ಅಡಿಕೆ ಬೆಳೆಗಾರರೊಬ್ಬರು ಮತ್ತೆ ತೋಟಕ್ಕೆ ಇಳಿದಿದ್ದಾರೆ.

ಮೊದಲು ದುಡ್ಡು. ಗಾಜ್ (ಹತ್ತಿಯ ಜಾಲರಿ ಬಟ್ಟೆ) ಕಟ್ಟಿದರೆ ದಿನಾ ಬಿಚ್ಚಬೇಕು. ಸಾಮಾನಿಗೆ 100, ನಾನು ಹೋಗಿ ಬರೋಕೆ 300. ವಾರಕ್ಕೆ 2,800 ಆಯಿತು. ಆಲ್ಜಿನೇಟ್ ಆದರೆ ಒಂದು ಸಲಕ್ಕೆ ಮೇಲಿನ ಪ್ಯಾಡ್, ನನ್ನ ಓಡಾಟ ಎಲ್ಲ ಸೇರಿ 700. ಶುರುವಿನಲ್ಲಿ ವಾರಕ್ಕೆ ಮೂರು ಸಲ, ಆಮೇಲೆ ಎರಡೇ. ಅಂದರೆ 2,100, ನಂತರ 1,400. ಹಾಳೆಯ ಬೆಲೆ ನೋಡಿ ಹೆದರುವವರು ಬಿಚ್ಚುವ ಸಲಗಳನ್ನು ಎಣಿಸುವುದೇ ಇಲ್ಲ. ಬಿಚ್ಚುವಾಗಿನ ನೋವು ತಪ್ಪುತ್ತಲ್ಲ, ಅದಕ್ಕೆ ಬೆಲೆ ಕಟ್ಟೋದು ಹೇಗೆ?

ಒಣಗಿಸಬೇಕು ಅನ್ನುವವರಿಗೆ ನಾನು ಹೇಳೋದು ಇಷ್ಟೇ: 1962ರಲ್ಲೇ ಜಾರ್ಜ್ ವಿಂಟರ್ ಅನ್ನುವ ಸಂಶೋಧಕರು ಹಂದಿಗಳ ಮೇಲೆ ಇದನ್ನು ತೋರಿಸಿದ್ದರು. ತೇವ ಉಳಿಸಿದ ಗಾಯಕ್ಕೆ ಹೊಸ ಚರ್ಮ ಬೇಗ ಬಂದಿತ್ತು.

ಆದರೆ ಎಲ್ಲ ಗಾಯಕ್ಕೂ ಇದು ಆಗುವುದಿಲ್ಲ. ಕಪ್ಪು ಕಟ್ಟಿದ ಒಣ ಹಿಮ್ಮಡಿಗೆ ಇಟ್ಟರೆ ರಸಿಗೆ ಸಿಗದೆ ನಾರು ನಾರಾಗಿ ಅಂಟಿ ಕೂರುತ್ತೆ. ತೆಗೆಯೋಕೆ ಅರ್ಧ ಬಾಟಲ್ ಸಲೈನ್ ಬೇಕು. ಗಾಯದ ಆಚೆಗೂ ಹಾಳೆ ಚಾಚಿದರೆ ಸುತ್ತಲಿನ ಚರ್ಮ ಬಿಳಿಚಿ ನೆನೆಯುತ್ತೆ, ಮಳೆಗಾಲದಲ್ಲಂತೂ ಜಾಸ್ತಿ. ಗಾಯದ ಅಳತೆಗೇ ಕತ್ತರಿಸಿ. ಗುಳಿ ಇದ್ದರೆ ಹಗ್ಗದಂಥ ಆಲ್ಜಿನೇಟ್ ತರಿಸಿ, ಸಡಿಲವಾಗಿ ಇಡಿ, ತುದಿ ಹೊರಗಿರಲಿ. ಒತ್ತಿ ತುಂಬಬೇಡಿ. ಬಾವು, ಜ್ವರ ಬಂದರೆ ಅಥವಾ ಮೂಳೆ ಕಂಡರೆ ಸರ್ಜನ್ ಹತ್ತಿರ ಕಳಿಸುತ್ತೇನೆ, ಅದರಲ್ಲಿ ಚೌಕಾಸಿ ಇಲ್ಲ.

ಮನೆಯವರನ್ನು ಮೊದಲೇ ಸಿದ್ಧ ಮಾಡಬೇಕು. ಬಿಚ್ಚಿದಾಗ ಹಾಳೆ ಲೋಳೆಸರದ ತಿರುಳಿನಂತೆ ಆಗಿರುತ್ತೆ, ಹಳದಿ ಬಣ್ಣ, ಸ್ವಲ್ಪ ವಾಸನೆ. "ಸಿಸ್ಟರ್, ಕೀವು ಜಾಸ್ತಿ ಆಗಿದೆಯಲ್ಲಾ!" ಅಂತ ಮಗ ಗಾಬರಿಯಾಗುತ್ತಾನೆ. ಸಲೈನ್‌ನಲ್ಲಿ ತೊಳೆದು, ಕೆಳಗಿನ ಕೆಂಪು ಮಾಂಸ ತೋರಿಸಿದ ಮೇಲೇ ಸಮಾಧಾನ.

ಎಲ್ಲ ಹಾಳೆಯೂ ಒಂದೇ ಅಲ್ಲ. ಸ್ಟೀಲ್ ಬಟ್ಟಲಿನಲ್ಲಿ ಸಲೈನ್ ಹಾಕಿ ಒಂದು ಮೂಲೆ ಕತ್ತರಿಸಿ ಬಿಟ್ಟು ನೋಡಿದೆ. ಕೆಲವು ಪೂರ್ತಿ ಕರಗಿ ಮೆತ್ತಗಾದವು. ಕೆಲವು ಉಬ್ಬಿದರೂ ಇಕ್ಕಳದಲ್ಲಿ ಇಡಿಯಾಗಿ ಎದ್ದು ಬಂದವು. ಯಾವ ಪಾಚಿಯಿಂದ ತೆಗೆದದ್ದು ಅನ್ನುವುದರ ಮೇಲೆ ಇದು ಹೋಗುತ್ತೆ. ನನಗೆ ಎರಡನೇ ಬಗೆಯೇ ಇಷ್ಟ. ಗುಳಿಯಲ್ಲಿ ಚೂರು ಉಳಿದಿದೆಯಾ ಅಂತ ಹುಡುಕುವ ಕೆಲಸ ತಪ್ಪುತ್ತೆ.

ಈ ಹುಚ್ಚು ಮನೆಯಲ್ಲೂ ಮುಂದುವರಿಯಿತು. ಅಡುಗೆಗೆ ಮಾರುವ ಸೋಡಿಯಂ ಆಲ್ಜಿನೇಟ್ ಪುಡಿ ಕಲಸಿ, ಕ್ಯಾಲ್ಸಿಯಂ ಕ್ಲೋರೈಡ್ ನೀರಿಗೆ ಸಿರಿಂಜ್‌ನಿಂದ ಬಿಟ್ಟೆ. ಬಿದ್ದ ಕ್ಷಣವೇ ದಾರ ಕಟ್ಟಿತು! ನಮ್ಮ ಪಟ್ಟಿಯೂ ಅದೇ ನಾರು. ರಸಿಗೆಯ ಸೋಡಿಯಂ ಸಿಕ್ಕಾಗ ಕ್ಯಾಲ್ಸಿಯಂ ಬಿಟ್ಟುಕೊಟ್ಟು ಮತ್ತೆ ಲೋಳೆಯಾಗುತ್ತೆ. ತಮಿಳುನಾಡಿನ ರಾಮನಾಥಪುರದ ಮಂಡಪಂ ಕಡಲಲ್ಲಿ ಬೆಳೆಯುವ ಸರ್ಗಾಸಮ್ ಪಾಚಿಯಲ್ಲೂ ಇದೇ ಆಲ್ಜಿನೇಟ್ ಇದೆ. ಆದರೆ ಮನೆಯಲ್ಲಿ ಮಾಡಿದ್ದನ್ನು ಯಾರ ಗಾಯಕ್ಕೂ ಇಡಬೇಡಿ, ಅದು ಸ್ಟೆರೈಲ್ ಅಲ್ಲ.

ಗಾಯದ ಮೇಲೆ ಬೀಳುವ ಮೈಭಾರ ಇಳಿಸದೆ ಯಾವ ಪಟ್ಟಿಯೂ ಕೆಲಸ ಮಾಡಲ್ಲ. ಎಂಸಿಆರ್ ಚಪ್ಪಲಿ (ಮೆತ್ತನೆಯ ಮೈಕ್ರೋಸೆಲ್ಯುಲರ್ ರಬ್ಬರಿನದು) ಹಾಕಲ್ಲ ಅಂದವರಿಗೆ ನಾನು ಆಲ್ಜಿನೇಟ್ ತರಿಸುವುದೇ ಇಲ್ಲ. ಹಿಮ್ಮಡಿಯಲ್ಲಿ ಪಟ್ಟಿ ಜಾರದಂತೆ ಕಟ್ಟುವ ಬಗೆಯೊಂದಿದೆ. ಅದನ್ನು ಜೊತೆಗೆ ಬರುವ ಹುಡುಗಿಯರಿಗೆ ಮಾತ್ರ ಕಲಿಸುತ್ತೇನೆ.

ಮೂರು ದಿನ ಬಿಟ್ಟು ಬಿಚ್ಚಿದಾಗಲೂ ಹಾಳೆಯ ನಡುಭಾಗ ಒಣಗಿಯೇ ಇದ್ದರೆ ಆಲ್ಜಿನೇಟ್ ನಿಲ್ಲಿಸಿ. ಅಲ್ಲಿಂದ ಮುಂದೆ ಪ್ಯಾರಾಫಿನ್ ಗಾಜ್ (ಜಿಡ್ಡು ಹಚ್ಚಿದ ಗಾಜ್) ಸಾಕು, ಅದು ಕಡಿಮೆ ಬೆಲೆಗೆ ಸಿಗುತ್ತೆ.