ಯುನಿವರ್ಸಿಟಿ ಶಬ್ದ ತಲಿಗೆ ಹತ್ತಿಸಿದ್ದು ಹೆಂಗ: ನನ್ನ ಅನುಭವ

ಈ ಸೀಸನ್ನಿಗೆ ನಮ್ಮ ಅಂಗಡಿಯಿಂದ ಕಾಲೇಜ್ ಅಡ್ಮಿಷನ್ ಫಾರ್ಮ್ ತುಂಬಿಸ್ಕೊಂಡು ಹೋದ ಹುಡುಗ್ರು ಅಂದಾಜು ಅರವತ್ತು. ಒಬ್ರದೂ ಶಬ್ದ ತಿಳೀದ ಸೀಟು ಹೋಗಿಲ್ಲ, ರೊಕ್ಕ ಮುಳುಗಿಲ್ಲ. ಹೋದ ವರ್ಷನೂ ಹಂಗ ಇತ್ತು, ಅದಕ್ಕ ಈಗ ಧೈರ್ಯ ಮಾಡಿ ಬರ್ಯಾಕತ್ತೀನಿ. ಪುಣೆ ಬಿಬ್ವೇವಾಡಿಯೊಳಗ ನಂದು ಝೆರಾಕ್ಸ್ ಅಂಗಡಿ, ಮಾರ್ಕೆಟ್ ಯಾರ್ಡ್ ಹತ್ರಾನ, ಬರೂ ಮಂದಿಯೊಳಗ ಅರ್ಧಕ್ಕರ್ಧ ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯವ್ರು, ಹಮಾಲಿ ಮಾಡೋವ್ರು, ಕಾಯಿಪಲ್ಯೆ ಮಾರೋವ್ರು, ಅವ್ರ ಮಕ್ಕಳು ಮನಿಯೊಳಗ ಮೊದಲನೇ ಸಲ ಕಾಲೇಜ್ ಕಟ್ಟಿ ಹತ್ತೋವ್ರು. ಅಡ್ಮಿಷನ್ ಕಾಗದದಾಗಿನ ಶಬ್ದ ಹುಡುಗ್ರಿಗೆ ತಿಳಿಸಿ ಹೇಳೂ ಕೆಲಸಕ್ಕ ನಾ ಇಳಿದಾಗ ಬಾಜೂಕ ಕ್ಲಾಸ್ ನಡಸೂ ಸರ್ ನಕ್ರು, ನಮ್ಮ ಭಾವ ಅಂತೂ "ಫಾರ್ಮ್ ತುಂಬು, ನೂರು ರೂಪಾಯಿ ತಗೋ, ಕಳಸು, ಪಾಠ ಹೇಳೂ ಉಸಾಬರಿ ನಿನಗ್ಯಾಕ" ಅಂದ.

ಉಸಾಬರಿ ಯಾಕಂದ್ರ 2018ರಾಗ ನಮ್ಮ ಅಕ್ಕನ ಮಗನ ಸೀಟು ನಾನ ಕೆಡಿಸಿದ್ದೆ. ಇಂಜಿನಿಯರಿಂಗ್ ಕ್ಯಾಪ್ ರೌಂಡ್, ಅಂದ್ರ ಸರ್ಕಾರ ಎಲ್ಲಾ ಕಾಲೇಜಿನ ಸೀಟು ಒಂದಾ ಕಡೆ ಸುತ್ತು ಸುತ್ತಾಗಿ ಹಂಚೂದು, ಮೊದಲನೇ ರೌಂಡಿಗೇ ಅವಗ ಮೂರನೇ ಪ್ರಿಫರೆನ್ಸ್ ಕಾಲೇಜ್ ಸಿಕ್ತು. ಸ್ಕ್ರೀನ್ ಮ್ಯಾಲ ಫ್ರೀಜ್ ಮಾಡ್ತೀರೇನು ಅಂತ ಬಂತು. "ಮಾಮಾ ಏನ ಒತ್ತಲಿ" ಅಂದ. ಫ್ರೀಜ್ ಅಂದ್ರ ಸೀಟು ಕೆಡದಂಗ ಕಾದಿಡೂದು, ಮುಂದ ಛಲೋದ್ ಬಂದ್ರ ಅದನ್ನ ತಗೊಂಡ್ರಾತು ಅಂತ ತಿಳದು ಒತ್ತು ಅಂದೆ. ಅದು ಹಂಗಲ್ಲ. ಫ್ರೀಜ್ ಅಂದ್ರ ನನಗ ಇದಾ ಸಾಕು, ಮುಂದಿನ ರೌಂಡಿಗೆ ನಾ ಬರೂದಿಲ್ಲ ಅಂತ ಬರಕೊಟ್ಟಂಗ. ಎರಡನೇ ರೌಂಡಿನ್ಯಾಗ ಅವನಕಿಂತ ಕಡಿಮಿ ಮಾರ್ಕ್ಸ್ ಇದ್ದ ಹುಡುಗಗ ನಮ್ಮ ಹುಡುಗನ ಮೊದಲನೇ ಪ್ರಿಫರೆನ್ಸ್ ಕಾಲೇಜ್ ಸಿಕ್ತು. ಎರಡೂ ಕಾಲೇಜಿನ ಫೀ ಫರಕ್ ನಾಲ್ಕು ವರ್ಷಕ್ಕ ಎರಡೂವರೆ ಲಕ್ಷದ ಮ್ಯಾಲ. ಅಕ್ಕ ಒಂದ್ ಮಾತೂ ಅನಲಿಲ್ಲ, ಅದಾ ನನಗ ಹೆಚ್ಚು ಹತ್ತಿತು.

ಆಮ್ಯಾಲ ಹಟಕ್ಕ ಬಿದ್ದು ಮೊದಲು ಮಾಡಿದ್ದು ಶಬ್ದಕೋಶದ ಕೆಲಸ. ಪ್ರಾಸ್ಪೆಕ್ಟಸ್ ಮುಂದಿಟ್ಕೊಂಡು ಒಂದೊಂದ್ ಶಬ್ದಕ್ಕ ಕನ್ನಡ ಅರ್ಥ ಬರದು, ಪ್ರಾವಿಜನಲ್ ಅಂದ್ರ ತಾತ್ಕಾಲಿಕ, ಎಲಿಜಿಬಿಲಿಟಿ ಅಂದ್ರ ಅರ್ಹತೆ, ಹಿಂಗ ಎಂಬತ್ತು ಶಬ್ದ, ದಪ್ಪ ಕಾಗದದ ಮ್ಯಾಲ ಇನ್ನೂರು ಪ್ರತಿ ಛಾಪಿಸಿದೆ. ಮೂರೂವರೆ ಸಾವಿರ ಖರ್ಚು. ಮಂದಿ ತಗೊಂಡ್ರು, ಮಡಚಿ ಕಿಸೆದಾಗ ಇಟ್ಕೊಂಡ್ರು, ಮತ್ತ ಬಂದು ಅದಾ ಪ್ರಶ್ನೆ ಕೇಳಿದ್ರು. ತಾತ್ಕಾಲಿಕ ಅಂತ ತಿಳದ್ರ ಅವ್ರೇನ ಮಾಡಬೇಕು ಅನ್ನೂದು ಎಲ್ಲಿ ತಿಳೀತು? ಆಮ್ಯಾಲ ವಾಟ್ಸಾಪ್ ಮ್ಯಾಲ ವಾಯ್ಸ್ ಮೆಸೇಜ್ ಕಳಸಿ ನೋಡಿದೆ, ನಾಲ್ಕು ನಾಲ್ಕು ನಿಮಿಷದ್ದು, ಯಾರೂ ಪೂರ್ತಿ ಕೇಳಲಿಲ್ಲ, ಆ ವರ್ಷನೂ ಹೋತು.

ಈಗ ನಡಸೂ ಪದ್ಧತಿ ಹಿಂಗ ಐತಿ. ಇನ್ನೂರು ಪೇಜಿನ ನೋಟ್‌ಬುಕ್, ಒಂದ್ ಶಬ್ದಕ್ಕ ಒಂದ್ ಪೇಜ್, ಅರ್ಥ ಬರ್ಯೂದಿಲ್ಲ. ಆ ಶಬ್ದ ನಿನ್ನಿಂದ ಏನ ಕೇಳ್ತೈತಿ ಅಂತ ನಾಲ್ಕು ಮನಿ ಮಾಡೀನಿ, ರೊಕ್ಕ ಎಷ್ಟು, ಯಾವ ತಾರೀಖಿನ ಒಳಗ, ಯಾವ ಕಾಗದ, ಆ ಕಾಗದ ಕೊಡೂದು ಯಾರು. ಐದನೇ ಮನಿ ಒಂದೈತಿ, ಅದರೊಳಗ ಏನ ಬರಸ್ತೀನಿ ಅನ್ನೂದು ಸದ್ಯಕ್ಕ ನನ್ನ ಹತ್ರಾನ ಇರ್ಲಿ. ಹುಡುಗ ತನ್ನ ಕೈಲೇ ಬರೀಬೇಕು, ನಾ ಬರದು ಕೊಟ್ರ ತಲಿಗೆ ಹತ್ತೂದಿಲ್ಲ, ಇದನ್ನ ಎರಡು ವರ್ಷ ನೋಡೀನಿ.

ಉದಾಹರಣೆಗೆ ಪ್ರಾವಿಜನಲ್ ಅಡ್ಮಿಷನ್. ಮೊದಲು ಹುಡುಗ್ರು ಫೀ ಕಟ್ಟಿ ರಸೀದಿ ತಗೊಂಡು ಅಡ್ಮಿಷನ್ ಆತು ಅಂತ ಊರಿಗೆ ಹೋಗ್ತಿದ್ರು. ಈಗ ಪೇಜಿನ್ಯಾಗ ತಾರೀಖು, ಅದರ ಮುಂದ ಯಾವ ಕಾಗದ ಬಾಕಿ ಅಂತ ಬರದಿರ್ತೈತಿ. ಕರ್ನಾಟಕದಾಗ ಪಿಯುಸಿ ಮುಗಿಸಿ ಬಂದವ್ರಿಗೆ ಇದು ಭಾಳ ಮುಖ್ಯ, ಯಾಕಂದ್ರ ಇಲ್ಲಿ ಎಲಿಜಿಬಿಲಿಟಿ ಮಾಡಿಸಾಕ ಮೈಗ್ರೇಷನ್ ಸರ್ಟಿಫಿಕೇಟ್ ಬೇಕು, ಅಂದ್ರ ಒಂದ್ ಬೋರ್ಡ್ ಬಿಟ್ಟು ಬ್ಯಾರೆ ಕಡೆ ಕಲಿಯಾಕ ಅಡ್ಡಿಯಿಲ್ಲ ಅನ್ನೂ ಕಾಗದ. ಮೈಗ್ರೇಷನ್ ಬ್ಯಾರೆ, ಟಿಸಿ ಬ್ಯಾರೆ. ಟಿಸಿ ಕೊಡೂದು ಕಾಲೇಜು, ಮೈಗ್ರೇಷನ್ ಕೊಡೂದು ಬೋರ್ಡು. ಸಿಂದಗಿ ಕಡೆ ಹುಡುಗ ಒಬ್ಬ ಎರಡು ಸಲ ಊರಿಗೆ ಹೋಗಿ ಎರಡು ಸಲಾನೂ ಟಿಸಿ ತಗೊಂಡು ಬಂದಿದ್ದ, ಬಸ್ ಖರ್ಚು, ಅವ್ರಪ್ಪನ ಪಗಾರ ಮುರದದ್ದು ಎಲ್ಲಾ ಹಿಡದು ಮೂರು ಸಾವಿರ ಹೋತು. "ಕೊಡೂದು ಯಾರು" ಅನ್ನೂ ಮನಿ ಹುಟ್ಟಿದ್ದಾ ಅವನಿಂದ.

ರೊಕ್ಕದ ಶಬ್ದಕ್ಕ ನಾ ಹೆಚ್ಚು ಹೊತ್ತು ಕೊಡ್ತೀನಿ. 2024-25ರಿಂದ ಮಹಾರಾಷ್ಟ್ರದಾಗ ಮನಿ ಉತ್ಪನ್ನ ವರ್ಷಕ್ಕ 8 ಲಕ್ಷದ ಒಳಗಿದ್ದ ಹಿಂದುಳಿದ ವರ್ಗದ (ಒಬಿಸಿ, ಎಸ್‌ಇಬಿಸಿ), ಇಲ್ಲಾ ಆರ್ಥಿಕವಾಗಿ ದುರ್ಬಲ ವರ್ಗದ (ಇಡಬ್ಲ್ಯೂಎಸ್) ಹೆಣ್ಮಕ್ಕಳಿಗೆ ಪ್ರೊಫೆಷನಲ್ ಕೋರ್ಸಿಗೆ ಟ್ಯೂಷನ್ ಫೀ ಪೂರ್ತಿ ಮಾಫಿ ಆತು. ನಾ ಒಬ್ಬ ತಾಯಿಗೆ ಖುಷಿಲೇ ಹೇಳಿದ್ರ ಆಕಿ "ನಾವ್ ಟ್ಯೂಷನ್ನಿಗೆ ಹಚ್ಚೇ ಇಲ್ಲಲ್ರೀ ಅಣ್ಣಾ" ಅಂತ ಎದ್ದು ಹೊಂಟ್ರು. ನಮ್ಮ ಮಂದಿಗೆ ಟ್ಯೂಷನ್ ಅಂದ್ರ ಸಂಜಿಕ ಮಾಸ್ತರ ಮನಿಗೆ ಹೋಗೂದು! ಕಾಲೇಜಿನ ಫೀಯೊಳಗಿನ ದೊಡ್ಡ ಭಾಗಾನ ಟ್ಯೂಷನ್ ಫೀ ಅಂತ ಕೂಡಿಸಿ ಹೇಳಬೇಕಾತು. ಮತ್ತ ಡೆವಲಪ್‌ಮೆಂಟ್ ಫೀ ಅದರೊಳಗ ಬರೂದಿಲ್ಲ ಅಂತಾನೂ ಹೇಳ್ಬೇಕು, ಇಲ್ಲಂದ್ರ ಪೂರಾ ಫ್ರೀ ಅಂತ ಬರೇ ಕೈಲೇ ಹೋಗಿ ನಿಂದ್ರತಾರ.

ರಿಫಂಡ್ ಪೇಜ್ ಮ್ಯಾಲ ನನಗ ಅಭಿಮಾನ ಐತಿ. 2019ರಾಗ ಹುಡುಗ ಒಬ್ಬ ಖಾಸಗಿ ಕಾಲೇಜಿನ್ಯಾಗ 42 ಸಾವಿರದ ಹತ್ರ ಕಟ್ಟಿದ್ದ, ಆಮ್ಯಾಲ ಬ್ಯಾರೆ ಕಡೆ ಛಲೋ ಸೀಟು ಬಂತು, ಕಾಲೇಜಿನವ್ರು ನಾನ್ ರಿಫಂಡೆಬಲ್ ಅಂತ ಛಾಪಿಸಿದ್ದು ತೋರಿಸಿ ಕಳಸಿದ್ರು. ಯುಜಿಸಿದು, ಅಂದ್ರ ಯುನಿವರ್ಸಿಟಿಗಳ ಮ್ಯಾಲ ನಿಗಾ ಇಡೂ ಕೇಂದ್ರದ ಆಯೋಗದ್ದು, 2018ರ ನಿಯಮ ಐತಿ. ಅಡ್ಮಿಷನ್ ಕಡೀ ತಾರೀಖಿಗೆ 15 ದಿನ ಅಥವಾ ಹೆಚ್ಚು ಇರೂ ಮುಂಚೆ ಬಿಟ್ರ ಪೂರ್ತಿ ವಾಪಸ್, ಅದರಾಗ ಪ್ರೊಸೆಸಿಂಗಿಗೆ ಸ್ವಲ್ಪ ಮುರಕೋಬಹುದು. 15 ದಿನಕ್ಕಿಂತ ಕಡಿಮಿ ಉಳದಾಗ ಬಿಟ್ರ ನೂರಕ್ಕ 90, ಕಡೀ ತಾರೀಖು ಮುಗದು 15 ದಿನದ ಒಳಗಾದ್ರ 80, 30 ದಿನದ ಒಳಗಾದ್ರ 50, ಆಮ್ಯಾಲ ಏನೂ ಇಲ್ಲ. ಇಂವ ಕಡೀ ತಾರೀಖು ಮುಗದು ಹನ್ನೆರಡೋ ಹದಿಮೂರೋ ದಿನಕ್ಕ ಅರ್ಜಿ ಕೊಟ್ಟಿದ್ದ. ಅದನ್ನ ಪ್ರಿಂಟ್ ತಗದು, ಅರ್ಜಿಗೆ ಹಚ್ಚಿ, ಅರ್ಜಿ ಮುಟ್ಟಿತು ಅನ್ನೂ ಇನ್‌ವರ್ಡ್ ಸಿಕ್ಕಾ ಹೊಡಸ್ಕೊಂಡು ಬಾ ಅಂದೆ. ಎರಡು ತಿಂಗಳು ಅಡ್ಡಾಡಿಸಿದ್ರು, ಆದ್ರ 33 ಸಾವಿರದ ಮ್ಯಾಲ ಬಂತು. ಕಾಶನ್ ಮನಿ, ಅಂದ್ರ ಕಾಲೇಜಿನ್ಯಾಗ ಇಟ್ಟ ಡಿಪಾಸಿಟ್, ಬ್ಯಾರೆ, ಅದು ಫೀಯೊಳಗಿಂದಲ್ಲ, ಪೂರ್ತಿ ವಾಪಸ್ ಬರಬೇಕು, ಅದನ್ನೂ ಕೇಳಿ ತಗೊಂಡ. ಈಚೀಗ ಯುಜಿಸಿ ಕೆಲವು ವರ್ಷಕ್ಕ ಬ್ಯಾರೆ ತಾರೀಖು ಕೊಟ್ಟೈತಿ, ಅದಕ್ಕ ಆಯಾ ವರ್ಷದ ಪತ್ರ ನೋಡೇ ತಾರೀಖಿನ ಮನಿ ತುಂಬಸ್ರಿ. ಆ ಹುಡುಗನ ಅಪ್ಪ ಒಂದ್ ಬುಟ್ಟಿ ದಾಳಿಂಬರಿ ತಂದಿಟ್ಟಾಗ ಭಾವ ಅಂಗಡಿಯೊಳಗಾ ಇದ್ದ, ಅವತ್ತಿನಿಂದ ಉಸಾಬರಿ ಅಂತ ಅಂದಿಲ್ಲ.

ಮರಾಠಿದೊಂದು ತ್ರಾಸ ಬ್ಯಾರೆನ. ಗುಣಪತ್ರಿಕಾ ತಗೊಂಡ್ ಬಾ ಅಂದ್ರ ಮಾರ್ಕ್ಸ್‌ಕಾರ್ಡ್ ಅಂತ ನಮಗ ನಿಮಗ ಗೊತ್ತು. ಊರಿಂದ ಹೊಸದಾಗಿ ಬಂದ ಹುಡುಗಿಗೆ ಗುಣ ಅಂದ್ರ ನಡತಿ, ಆಕಿ ನಡತೆ ಪ್ರಮಾಣಪತ್ರ ಹಿಡ್ಕೊಂಡು ಅರ್ಧಾ ದಿನ ಸಾಲಿನ್ಯಾಗ ನಿಂತಿದ್ಲು. ಇಂಥಾವು ಒಂಬತ್ತೋ ಹತ್ತೋ ಸಿಕ್ಕಾವು, ಹಿಂದಿನ ಪೇಜಿನ್ಯಾಗ ಕೆಂಪು ಪೆನ್ನಿಲೇ ಬರಸ್ತೀನಿ.

ಕೋರ್ಸ್ ಅನ್ನೂದೂ ಹಂಗ. ನಾವು ಬಿಕಾಂಗೆ ಕೋರ್ಸ್ ಅಂತೀವಿ, ಯುನಿವರ್ಸಿಟಿ ಕಾಗದದಾಗ ಬಿಕಾಂ ಅಂದ್ರ ಪ್ರೋಗ್ರಾಮ್, ಅದರೊಳಗಿನ ಒಂದೊಂದ್ ವಿಷಯ ಕೋರ್ಸ್. ಕೋರ್ಸ್ ಬದಲಿ ಅರ್ಜಿ ಅಂತ ನೋಡಿ ಒಬ್ಬಾಕಿ ಡಿಗ್ರೀನ ಹೋಗ್ತೈತಿ ಅಂತ ಅಳಕೋತ ಬಂದಿದ್ಲು, ಆಕಿಗೆ ಬದಲಿ ಆಗಬೇಕಾಗಿದ್ದು ಒಂದ್ ಓಪನ್ ಇಲೆಕ್ಟಿವ್, ಅಂದ್ರ ನಾವಾ ಆರಿಸ್ಕೊಳ್ಳೂ ವಿಷಯ. ಕ್ರೆಡಿಟ್ಟಿಗೆ ನಾ ಪಾಸ್‌ಬುಕ್ ತೋರಸ್ತೀನಿ, ಥಿಯರಿಯಾದ್ರ 15 ತಾಸಿನ ಪಾಠಕ್ಕ ಒಂದ್ ಕ್ರೆಡಿಟ್, ಪಾಸಾದ್ರ ಖಾತೆಗೆ ಜಮಾ, ಎಬಿಸಿ (ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್) ಐಡಿ ಅಂದ್ರ ಆ ಖಾತೆ ನಂಬರ್. ಇದೊಂದು ಎಲ್ಲಾರ್ಗೂ ಲಗೂ ಹತ್ತತೈತಿ.

ನಡುವ ಒಂದ್ ಪ್ರಯೋಗ ಮಾಡಿದೆ, ಅದು ನಾ ಅನಕೊಂಡದ್ದಕ್ಕಿಂತ ಛಲೋ ಆತು. ವಾಯ್‌ಡಿ ಆದ ಇಬ್ರು ಹುಡುಗ್ರನ್ನ, ಅಂದ್ರ ವಿಷಯ ಉಳದು ಒಂದ್ ವರ್ಷ ಮನ್ಯಾಗ ಕುಂತವ್ರನ್ನ, ಜುಲೈ ಪೂರ್ತಿ ಅಂಗಡಿಯೊಳಗ ಕುಂದ್ರಿಸಿದೆ, ದಿನಕ್ಕ ಇನ್ನೂರೈವತ್ತು ಕೊಟ್ಟು. ಎಟಿಕೆಟಿ ಅಂದ್ರ ನಪಾಸ್ ಅಲ್ಲ, ಉಳದ ವಿಷಯ ಕಟ್ಟಿ ಮುಂದಿನ ವರ್ಷಕ್ಕ ಹೋಗಾಕ ಕೊಟ್ಟ ಪರವಾನಗಿ, ಆದ್ರ ಅದಕ್ಕೊಂದು ಮಿತಿ ಐತಿ ಅನ್ನೂದನ್ನ ಅವ್ರು ಹೇಳಿದಂಗ ನನಗ ಹೇಳಾಕ ಬರೂದಿಲ್ಲ. ಹೊಸಾ ಹುಡುಗ್ರು ಅವ್ರ ಬಾಯಿ ನೋಡಕೋತ ಕುಂದ್ರತಿದ್ರು. ಇಬ್ರೂ ಈ ಸಲ ವಿಷಯ ತಗದಾರ.

ಅಕ್ಕನ ಮಗ 2022ರಾಗ ಡಿಗ್ರಿ ಮುಗಿಸಿ ಈಗ ಹಿಂಜವಡಿಯೊಳಗ ಕೆಲಸಕ್ಕದಾನ. ರವಿವಾರ ಬಂದು ಫ್ರೀಜಿನ ಪೇಜ್ ಅವನಾ ಬರಸ್ತಾನ, ಅದನ್ನ ನನಗ ಮುಟ್ಟಗೊಡೂದಿಲ್ಲ. ನೋಟ್‌ಬುಕ್ಕಿನ್ಯಾಗ ಈಗ ನೂರಾ ನಲವತ್ತು ಪೇಜ್ ತುಂಬ್ಯಾವು, ಮುಂದಿನ ಮೇ ಒಳಗ ಸ್ಕಾಲರ್‌ಶಿಪ್ ಶಬ್ದ ಹಿಡೀಬೇಕು.